ಮೊಬೈಲ್‌ನಲ್ಲಿ ತರಬೇತಿ: ಫೀ ನೋಡುವ ಮೊದಲು ಗಂಟೆ ಎಣಿಸಿ

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯದ ಸುತ್ತ ಇದ್ದವು. ಕೆಲಸಗಾರರಿಗೆ ಆನ್‌ಲೈನ್ ತರಬೇತಿ ಕೊಡಿಸಬೇಕಾ, ಬೇಡವಾ? ಅದಕ್ಕೇ ನಾಲ್ಕನ್ನೂ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಮೊದಲ ಪತ್ರಕ್ಕೆ ಉತ್ತರ ಉದ್ದವಾಗಿದೆ, ಯಾಕೆಂದರೆ ಅದರಲ್ಲಿ ಲೆಕ್ಕ ಇದೆ.

ಪ್ರಶ್ನೆ: ನಮಸ್ಕಾರ ಸರ್. ಹುಬ್ಬಳ್ಳಿ ಗೋಕುಲ ರಸ್ತೆಯಲ್ಲಿ ನಮ್ಮದೊಂದು ಸಣ್ಣ ವಾಲ್ವ್ ಯೂನಿಟ್ ಇದೆ. 40 ಜನ ಕೆಲಸ ಮಾಡುತ್ತಾರೆ, ಸರಾಸರಿ ಪಗಾರ ತಿಂಗಳಿಗೆ 16,000. ವರ್ಷಕ್ಕೆ ಹತ್ತು ಹನ್ನೆರಡು ಜನ ಬಿಟ್ಟು ಹೋಗಿ ಹೊಸಬರು ಬರುತ್ತಾರೆ. ಹೋದ ತಿಂಗಳು ಒಂದು ಕಂಪನಿಯವರು ಬಂದು, ತರಬೇತಿಯನ್ನೆಲ್ಲ ಮೊಬೈಲ್‌ನಲ್ಲೇ ಮುಗಿಸಬಹುದು, ತಲೆಗೆ 20 ಗಂಟೆಯ ಪಾಠ, ವರ್ಷಕ್ಕೆ 1,800 ರೂಪಾಯಿ, ಜಿಎಸ್‌ಟಿ ಬೇರೆ ಅಂದರು. ಈವರೆಗೆ ನಾವು ವರ್ಷಕ್ಕೊಮ್ಮೆ ಬೆಂಗಳೂರಿನಿಂದ ಒಬ್ಬರನ್ನು ಕರೆಸಿ, ಎರಡು ಬ್ಯಾಚ್ ಮಾಡಿ, ಎರಡೆರಡು ದಿನ ಪಾಠ ಮಾಡಿಸುತ್ತಿದ್ದೆವು. ಫೀ, ಓಡಾಟ, ಲಾಡ್ಜ್, ಊಟ ಎಲ್ಲ ಸೇರಿ 58,000 ಆಗುತ್ತದೆ. ನಮ್ಮ ಅಪ್ಪ "ನೋಡಿ ಕಲಿಯೋದು ಬ್ಯಾರೆ, ಮಾಡಿ ಕಲಿಯೋದು ಬ್ಯಾರೆ" ಅನ್ನುತ್ತಾರೆ. ಮಗಳು ಎಂಜಿನಿಯರಿಂಗ್ ಓದುತ್ತಿದ್ದಾಳೆ, ಆನ್‌ಲೈನೇ ಸರಿ ಅನ್ನುತ್ತಾಳೆ. ಯಾರ ಮಾತು ಕೇಳಲಿ?
– ಹೆಸರು ಬೇಡ, ಹುಬ್ಬಳ್ಳಿ

ಉತ್ತರ: ಅಂಕಿ ಬರೆದು ಕಳಿಸಿದ್ದೀರಿ, ತುಂಬಾ ಒಳ್ಳೆಯದಾಯಿತು. ಬಹಳ ಜನ "ಆನ್‌ಲೈನ್ ಚಲೋನಾ?" ಅಂತ ಒಂದೇ ಸಾಲು ಬರೆಯುತ್ತಾರೆ, ಅದಕ್ಕೆ ಏನು ಹೇಳೋದು? ಬನ್ನಿ, ನಿಮ್ಮ ಅಂಕಿಯನ್ನೇ ಇಟ್ಟುಕೊಂಡು ಕೂರೋಣ.

40 ಜನಕ್ಕೆ 1,800ರಂತೆ 72,000 ಆಯಿತು. ಅದರ ಮೇಲೆ ಶೇ. 18 ಜಿಎಸ್‌ಟಿ 12,960. ನೀವು ಜಿಎಸ್‌ಟಿ ಕಟ್ಟುವವರಾದ್ದರಿಂದ ಆ ದುಡ್ಡು ಇನ್‌ಪುಟ್ ಕ್ರೆಡಿಟ್‌ನಲ್ಲಿ, ಅಂದರೆ ನೀವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದು, ಸಾಮಾನ್ಯವಾಗಿ ಸರಿಹೋಗುತ್ತದೆ, ನಿಮ್ಮ ಆಡಿಟರ್‌ಗೆ ಒಂದು ಮಾತು ಕೇಳಿ ಬಿಟ್ಟುಬಿಡಿ. ಅಂದರೆ ಆನ್‌ಲೈನ್ ಕಡೆ 72,000, ಬೆಂಗಳೂರಿನವರ ಕಡೆ 58,000. ಇಷ್ಟನ್ನೇ ನೋಡಿದರೆ ಬೆಂಗಳೂರಿನವರೇ ಅಗ್ಗ ಅನ್ನಿಸುತ್ತದೆ. ಆದರೆ ತರಬೇತಿಯ ದೊಡ್ಡ ಖರ್ಚು ಬಿಲ್ಲಿನಲ್ಲಿ ಕಾಣೋದೇ ಇಲ್ಲ. ಕೆಲಸಗಾರ ಕೆಲಸ ಬಿಟ್ಟು ಕೂತ ಗಂಟೆಗಳೇ ಆ ಖರ್ಚು.

16,000 ಪಗಾರಕ್ಕೆ ನಿಮ್ಮ ಪಾಲಿನ ಪಿಎಫ್, ಶೇ. 3.25ರ ಇಎಸ್‌ಐ ಸೇರಿಸಿದರೆ ಹದಿನೆಂಟೂವರೆ ಸಾವಿರದ ಹತ್ತಿರ ಬರುತ್ತದೆ. ತಿಂಗಳಿಗೆ 26 ದಿನ, ದಿನಕ್ಕೆ ಎಂಟು ಗಂಟೆ, ಒಟ್ಟು 208 ಗಂಟೆ. ಭಾಗಿಸಿದರೆ ಒಬ್ಬರ ಒಂದು ಗಂಟೆಗೆ ಹತ್ತಿರ ಹತ್ತಿರ 90 ರೂಪಾಯಿ. ಬೆಂಗಳೂರಿನವರು ಬಂದಾಗ ಒಬ್ಬೊಬ್ಬರು 16 ಗಂಟೆ ಕೂರುತ್ತಾರೆ, 40 ಜನಕ್ಕೆ 640 ಗಂಟೆ, ಅಂದರೆ 57,600 ರೂಪಾಯಿ. ಆನ್‌ಲೈನ್‌ನಲ್ಲಿ 20 ಗಂಟೆಯಂತೆ 800 ಗಂಟೆ, 72,000 ರೂಪಾಯಿ. ಈಗ ಕೂಡಿಸಿ. ಕ್ಲಾಸು 1,15,600, ಆನ್‌ಲೈನು 1,44,000. ಇದನ್ನು ಗಂಟೆಗೆ ಹಂಚಿ ನೋಡಿ. ಕ್ಲಾಸಿನಲ್ಲಿ ಒಬ್ಬರು ಒಂದು ಗಂಟೆ ಕಲಿಯಲು ನಿಮಗೆ ಬೀಳುವುದು ಹತ್ತಿರ ಹತ್ತಿರ 180 ರೂಪಾಯಿ. ಆನ್‌ಲೈನ್‌ನಲ್ಲೂ 180 ರೂಪಾಯಿಯೇ. ನಾನು ಎರಡು ಸಲ ಭಾಗಿಸಿ ನೋಡಿದೆ.

ಹಾಗಾಗಿ ಯಾವುದು ಅಗ್ಗ ಅನ್ನೋ ಪ್ರಶ್ನೆ ಇಲ್ಲಿಗೆ ಮುಗಿಯಿತು. ಆ 180 ರೂಪಾಯಿಯ ಒಂದು ಗಂಟೆಯಲ್ಲಿ ಏನು ಕಲಿತರು, ಯಾರು ಕಲಿತರು ಅನ್ನೋದೇ ಉಳಿಯುವ ಪ್ರಶ್ನೆ.

"ಆನ್‌ಲೈನ್ ಆದರೆ ಮನೆಯಲ್ಲೇ ನೋಡ್ತಾರೆ ಬಿಡಿ, ಆ 72,000 ಉಳಿಯುತ್ತದೆ" ಅಂತ ಮಾರೋಕೆ ಬಂದವರು ಹೇಳಿರಬಹುದು. ದಯವಿಟ್ಟು ಅದನ್ನು ನಂಬಬೇಡಿ. ನಾನು ಇಪ್ಪತ್ತು ವರ್ಷ ಫ್ಯಾಕ್ಟರಿಗಳಲ್ಲಿ ತರಬೇತಿ ನೋಡಿಕೊಂಡವನು, ಈ ತಪ್ಪನ್ನು ಕೈಯಾರೆ ಮಾಡಿದ್ದೇನೆ. ಲಾಕ್‌ಡೌನ್ ಮುಗಿದ ಮೇಲೆ ನಾನಿದ್ದ ಕಡೆ 60 ಜನಕ್ಕೆ ಇಂಥದ್ದೇ ಆನ್‌ಲೈನ್ ಪಾಠದ ಲೈಸೆನ್ಸ್ ತಗೊಂಡೆವು. ಪಾಠ ಮನೆಯಲ್ಲಿ ನೋಡಿ, ತಿಂಗಳೊಳಗೆ ಮುಗಿಸಿ, ಮುಗಿಸದಿದ್ದರೆ ಪಗಾರದಲ್ಲಿ ಹಿಡಿಯುತ್ತೇವೆ ಅಂತ ನೋಟಿಸ್ ಹಾಕಿದೆವು. ತಿಂಗಳ ಕೊನೆಗೆ ಕಂಪ್ಯೂಟರ್ ತೆಗೆದು ನೋಡಿದರೆ 57 ಜನರ ಹೆಸರಿನ ಮುಂದೆ ಹಸಿರು ಗುರುತು. ನಾನು ಹಿಗ್ಗಿ ಹೋಗಿದ್ದೆ.

ಒಂದು ದಿನ ಊಟದ ಹೊತ್ತಿಗೆ ಕ್ಯಾಂಟೀನ್ ಹಿಂದೆ ಹೋದರೆ, ಗೋಡೆಗೆ ಒರಗಿಸಿ ಏಳು ಮೊಬೈಲ್ ಸಾಲಾಗಿ ನಿಲ್ಲಿಸಿದ್ದಾರೆ. ಏಳರಲ್ಲೂ ನಮ್ಮ ಪಾಠವೇ ಓಡುತ್ತಿದೆ, ಸದ್ದಿಲ್ಲ. ಒಬ್ಬ ಹೆಲ್ಪರ್ ಹುಡುಗ ಮುಂದೆ ಕೂತು, ಒಂದರ ನಂತರ ಒಂದಕ್ಕೆ "ಮುಂದೆ" ಬಟನ್ ಒತ್ತುತ್ತಿದ್ದಾನೆ. ನನಗೆ ಸಿಟ್ಟು ನೆತ್ತಿಗೇರಿತು. ಏನಪ್ಪಾ ಇದು ಅಂದೆ. ಅವನು ಎದ್ದು ನಿಂತು ಹೇಳಿದ್ದು ಇಷ್ಟೇ: "ಸಾಹೇಬ್ರ, ಮಾತೆಲ್ಲಾ ಇಂಗ್ಲಿಷಿನ್ಯಾಗ ಅದಾವ್ರಿ. ಮನಿಗೆ ಹೋಗೂದ್ರಾಗ ಎಂಟು ಆಗತೈತಿ, ಫೋನ್ ಹುಡುಗ್ರ ಕೈಯಾಗ ಇರತೈತಿ. ಪೂರಾ ಮಾಡ್ಲಿಲ್ಲಂದ್ರ ಪಗಾರದಾಗ ಹಿಡಿತೇವಿ ಅಂದೀರಿ. ಏನ್ ಮಾಡೂನ್ರಿ?" ಅವನನ್ನು ಬೈಯೋಕೆ ನನ್ನ ಬಾಯಲ್ಲಿ ಒಂದು ಮಾತೂ ಉಳಿಯಲಿಲ್ಲ. ಪಾಠದ ಭಾಷೆ ನಾವು ನೋಡಿರಲಿಲ್ಲ, ಹೊತ್ತು ನಾವು ಕೊಟ್ಟಿರಲಿಲ್ಲ. ಹೆದರಿಕೆ ಮಾತ್ರ ಕೊಟ್ಟಿದ್ದೆವು. ಅವರು ಹೆದರಿಕೆಗೆ ತಕ್ಕ ಉತ್ತರ ಕೊಟ್ಟರು.

ಆದ್ದರಿಂದ ಮೊದಲ ಮಾತು, ತರಬೇತಿ ಶಿಫ್ಟ್ ಒಳಗೇ ಆಗಲಿ. ವಾರಕ್ಕೆ ಮೂರು ದಿನ, ಶಿಫ್ಟ್ ಶುರುವಾದ ಕೂಡಲೇ 20 ನಿಮಿಷ. ಆ ಹೊತ್ತಿಗೆ ಕೈ ಸ್ವಚ್ಛ ಇರುತ್ತದೆ, ತಲೆಯೂ ತಾಜಾ ಇರುತ್ತದೆ. ಆಮೇಲಾದರೆ ಕೂಲಂಟ್, ಎಣ್ಣೆ ಮೆತ್ತಿದ ಬೆರಳಿಗೆ ಸ್ಕ್ರೀನ್ ಕೂಡ ಸರಿಯಾಗಿ ಓಗೊಡುವುದಿಲ್ಲ. ಹೀಗೆ ಮಾಡಿದರೆ ವಾರಕ್ಕೆ ಒಂದು ಗಂಟೆ, 20 ವಾರದಲ್ಲಿ 20 ಗಂಟೆ ಮುಗಿಯಿತು.

ಹೀಗೆ ಸ್ವಲ್ಪ ಸ್ವಲ್ಪವೇ ಹಂಚಿ ಕಲಿಸುವುದರಲ್ಲಿ ಆನ್‌ಲೈನ್‌ಗೆ ನಿಜವಾದ ಬಲ ಇದೆ. 1885ರಲ್ಲೇ ಎಬ್ಬಿಂಗ್‌ಹೌಸ್ ಅನ್ನೋ ಜರ್ಮನ್ ವಿದ್ವಾಂಸ ತನ್ನ ಮೇಲೇ ಪ್ರಯೋಗ ಮಾಡಿಕೊಂಡು ಬರೆದಿದ್ದಾನೆ. ಕಲಿತದ್ದರಲ್ಲಿ ಜಾಸ್ತಿ ಪಾಲು ಮೊದಲ ಒಂದೆರಡು ದಿನದಲ್ಲೇ ಮರೆತುಹೋಗುತ್ತದೆ, ನಡುವೆ ಬಿಡುವು ಕೊಟ್ಟು ಮತ್ತೆ ಮತ್ತೆ ಓದಿದರೆ ನಿಲ್ಲುತ್ತದೆ ಅಂತ. ಬೆಂಗಳೂರಿನವರು ಎರಡು ದಿನ ಎಷ್ಟು ಚೆನ್ನಾಗಿ ಹೇಳಿ ಹೋದರೂ, ಅವರ ರೈಲು ಹಾವೇರಿ ದಾಟುವಷ್ಟರಲ್ಲಿ ಇಲ್ಲಿ ಮರೆವು ಶುರುವಾಗಿರುತ್ತದೆ. ಮೊಬೈಲ್ ಪಾಠವನ್ನು ಮುಂದಿನ ತಿಂಗಳು ಮತ್ತೆ ತೆಗೆದು ನೋಡಬಹುದು.

ಇನ್ನು ನಿಮ್ಮ ಅಪ್ಪನ ಮಾತಿಗೆ ಬರೋಣ. ಅವರ ಮಾತಿನಲ್ಲಿ ನನಗೆ ಪೂರ್ತಿ ಒಪ್ಪಿಗೆ ಇದೆ, ಆದರೆ ಅದು ಎಲ್ಲಾ ಕೆಲಸಕ್ಕೂ ಹೊಂದುವ ಮಾತಲ್ಲ. ನಿಮ್ಮಲ್ಲಿ ಸೀಟ್ ಲ್ಯಾಪಿಂಗ್, ಅಂದರೆ ವಾಲ್ವ್ ಮುಚ್ಚಿಕೊಳ್ಳುವ ಮುಖವನ್ನು ಉಜ್ಜಿ ನಯ ಮಾಡುವ ಕೆಲಸ, ಮಾಡುವ ಹಿರಿಯರು ಒಬ್ಬರು ಇದ್ದೇ ಇರುತ್ತಾರೆ. ಅವರ ಪಕ್ಕ ಹತ್ತು ನಿಮಿಷ ಸುಮ್ನೆ ನಿಂತು ನೋಡಿ. ಪ್ಲೇಟಿನ ಮೇಲೆ ಪೇಸ್ಟ್ ಸವರಿ, ಡಿಸ್ಕ್ ಇಟ್ಟು, 8ರ ಆಕಾರದಲ್ಲಿ ಕೈ ಆಡಿಸುತ್ತಾರೆ. ಮೊದಲು ಕರಕರ ಅನ್ನುತ್ತದೆ. ಪೇಸ್ಟ್ ನುರಿದ ಹಾಗೆ ಸದ್ದು ಮೆತ್ತಗಾಗುತ್ತದೆ, ಅವರು ಅದನ್ನು ಕೇಳಿಯೇ ಕೈ ನಿಲ್ಲಿಸುತ್ತಾರೆ. ಒರೆಸಿ ಬೆಳಕಿಗೆ ಹಿಡಿಯುತ್ತಾರೆ. ಸುತ್ತಲೂ ಒಂದೇ ಬೂದು ಬಣ್ಣ ಬಂದಿದ್ದರೆ ಸರಿ. ಒಂದು ಕಡೆ ಹೊಳಪು ಉಳಿದಿದ್ದರೆ ಅಲ್ಲಿ ಇನ್ನೂ ಪೇಸ್ಟ್ ತಾಗಿಲ್ಲ, ಮತ್ತೆ ಪ್ಲೇಟಿಗೆ. ಕೈ ಎಷ್ಟು ಒತ್ತಬೇಕು ಅನ್ನೋದನ್ನು ಯಾವ ವಿಡಿಯೋ ಹೇಳುತ್ತದೆ ಹೇಳಿ? ದಪ್ಪ ಅಳೆಯುವ ಮೈಕ್ರೋಮೀಟರ್ ಹಿಡಿಯೋದೂ ಹಾಗೇ. ರ್‍ಯಾಚೆಟ್ ತಿರುಗಿಸಿ ಕಟ್ ಕಟ್ ಅಂದ ಮೇಲೆ ನಿಲ್ಲಿಸಬೇಕು ಅಂತ ವಿಡಿಯೋ ನೋಡಿದವನೂ ಹೇಳುತ್ತಾನೆ. ಆದರೆ ಕೈಗೆ ಕೊಟ್ಟರೆ ಥಿಂಬಲ್ ಅನ್ನೋ ದಪ್ಪ ಹಿಡಿಯನ್ನೇ ಹಿಡಿದು ಬಿಗಿ ಮಾಡುತ್ತಾನೆ, ಅಳತೆ 0.02, 0.03 ಮಿಲಿಮೀಟರ್ ಕಡಿಮೆ ಬರುತ್ತದೆ, ಒಳ್ಳೆ ಪೀಸ್ ರಿಜೆಕ್ಟ್ ಆಗುತ್ತದೆ, ಕೆಟ್ಟ ಪೀಸ್ ಪಾಸ್ ಆಗುತ್ತದೆ.

ಆದರೆ ಅದೇ ಹುಡುಗನಿಗೆ ವಾಲ್ವ್ ಬಾಡಿಯನ್ನು ರೇಟಿಂಗ್‌ಗಿಂತ ಒಂದೂವರೆ ಪಟ್ಟು ಒತ್ತಡದಲ್ಲಿ ಯಾಕೆ ಟೆಸ್ಟ್ ಮಾಡುತ್ತೇವೆ, ಸೀಟನ್ನು ಯಾಕೆ 1.1 ಪಟ್ಟು ಒತ್ತಡದಲ್ಲಿ ಮಾತ್ರ ಮಾಡುತ್ತೇವೆ, ಡ್ರಾಯಿಂಗಿನಲ್ಲಿ ಟಾಲರೆನ್ಸ್ (ಅಳತೆಯಲ್ಲಿ ಒಪ್ಪುವ ಹೆಚ್ಚು ಕಡಿಮೆ) ಹೇಗೆ ಓದಬೇಕು, ಟೆಸ್ಟ್ ಬೆಂಚಿನಲ್ಲಿ ಗಾಳಿ ಯಾಕೆ ಪೂರ್ತಿ ಹೊರಗೆ ಬಿಡಬೇಕು ಅನ್ನೋದನ್ನೆಲ್ಲ ವಿಡಿಯೋ ಬಹಳ ಚೆನ್ನಾಗಿ ಕಲಿಸುತ್ತದೆ. ವಾಲ್ವನ್ನು ಅಡ್ಡಕ್ಕೆ ಕೊಯ್ದು ಒಳಗೆ ನೀರು ಹೇಗೆ ಹರಿಯುತ್ತದೆ ಅಂತ ಚಿತ್ರದಲ್ಲಿ ತೋರಿಸಬಹುದು, ನಿಮ್ಮ ಸೂಪರ್‌ವೈಸರ್ ಕೈ ಸನ್ನೆಯಲ್ಲಿ ಎಷ್ಟು ತೋರಿಸಿಯಾರು? ಇಷ್ಟರ ಮಟ್ಟಿಗೆ ನಿಮ್ಮ ಮಗಳು ಹೇಳೋದು ಸರಿ. ತಲೆಗೆ ಹೋಗಬೇಕಾದದ್ದು ಮೊಬೈಲ್‌ನಲ್ಲಿ ಹೋಗುತ್ತದೆ. ಕೈಗೆ ಹೋಗಬೇಕಾದದ್ದು ಇನ್ನೊಂದು ಕೈಯಿಂದಲೇ ಬರಬೇಕು.

ನಿಮ್ಮ ಪತ್ರದಲ್ಲಿ ನನಗೆ ಮುಖ್ಯವಾಗಿ ಕಂಡಿದ್ದು ಬೇರೆ ಒಂದು ಸಾಲು. ವರ್ಷಕ್ಕೆ ಹತ್ತು ಹನ್ನೆರಡು ಹೊಸಬರು. ಅವರು ಒಟ್ಟಿಗೆ ಬರೋದಿಲ್ಲ ಅಲ್ವಾ? ಯುಗಾದಿ ಆದ ಮೇಲೆ ಇಬ್ಬರು, ಗಣಪತಿ ಹಬ್ಬಕ್ಕೆ ಹೋದವರು ತಿರುಗಿ ಬರಲಿಲ್ಲ ಅಂತ ಮೂವರು, ಹೀಗೆ. ಬೆಂಗಳೂರಿನವರು ಬಂದು ಹೋದ ಮರುವಾರ ಸೇರಿದ ಹುಡುಗ ಮುಂದಿನ ವರ್ಷದವರೆಗೆ ಏನೂ ಕಲಿಯದೆ ಲೇತ್ ಮುಂದೆ ನಿಂತಿರುತ್ತಾನೆ. ಒಬ್ಬಿಬ್ಬರಿಗಾಗಿ ಯಾರನ್ನೂ ಕರೆಸೋಕೆ ಆಗೋದಿಲ್ಲ. ಇಂಥವರಿಗೆ ಮೊಬೈಲ್ ಪಾಠ ಬಂದ ದಿನವೇ ಶುರುವಾಗುತ್ತದೆ. ನಿಮ್ಮಂಥ ಸಣ್ಣ ಯೂನಿಟ್‌ಗೆ ಆನ್‌ಲೈನ್‌ನಿಂದ ಆಗುವ ದೊಡ್ಡ ಲಾಭ ಇದೇ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಹೊಸಬ ಒಂಟಿಯಾಗಿ ಮಷಿನ್ ನಡೆಸೋಕೆ ಈಗ ಎಷ್ಟು ದಿನ ಬೇಕು ಅಂತ ಬರೆದಿಟ್ಟುಕೊಳ್ಳಿ. 45 ದಿನ ಅಂತ ಇಟ್ಟುಕೊಳ್ಳೋಣ. ಪಾಠದಿಂದ ಅದು 35 ಆದರೆ, 12 ಜನಕ್ಕೆ 120 ದಿನ ಉಳಿಯಿತು. ಗಂಟೆಗೆ 90, ಅಂದರೆ ದಿನಕ್ಕೆ 720ರಂತೆ 86,400. ಆ ದಿನಗಳಲ್ಲಿ ಅವರು ಸುಮ್ನೆ ಕೂತಿರೋದಿಲ್ಲ, ಏನೋ ಕೆಲಸ ಮಾಡುತ್ತಲೇ ಇರುತ್ತಾರೆ. ಅದಕ್ಕೆ ಅರ್ಧವನ್ನೇ ಲಾಭ ಅಂತ ಹಿಡಿಯಿರಿ, 43,200. ಹನ್ನೆರಡು ಲೈಸೆನ್ಸಿಗೆ ಬೀಳೋದು 21,600, ಅವರ ಗಂಟೆಗಳಿಗೆ ಇನ್ನೊಂದು 21,600. ಅಲ್ಲಿಗೆ ಸರಿಸಮ ಆಯಿತು. ರಿಜೆಕ್ಷನ್ ಕಡಿಮೆಯಾದರೆ, ಯಾರಿಗೂ ಗಾಯ ಆಗದಿದ್ದರೆ ಅದು ಮೇಲಿನ ಲಾಭ.

ಹಾಗಾದರೆ ನಾನು ನಿಮ್ಮ ಜಾಗದಲ್ಲಿದ್ದರೆ ಏನು ಮಾಡುತ್ತಿದ್ದೆ? 40 ಲೈಸೆನ್ಸ್ ತಗೊಳ್ಳುತ್ತಿರಲಿಲ್ಲ. ಹೊಸಬರಿಗಾಗಿ 12 ಕೇಳುತ್ತಿದ್ದೆ. ಬಿಟ್ಟು ಹೋದವನ ಲೈಸೆನ್ಸ್ ಮುಂದೆ ಬರುವವನಿಗೆ ಕೊಡಬಹುದಾ ಅಂತ ಮೊದಲು ಕೇಳುತ್ತಿದ್ದೆ, ನಿಮ್ಮಲ್ಲಿ ಜನ ಬದಲಾಗುತ್ತಲೇ ಇರುವಾಗ ಇದು ಫೀಗಿಂತ ದೊಡ್ಡ ಮಾತು. ಪಾಠ ಕನ್ನಡದಲ್ಲಿದೆಯಾ ಅಂತ ಕೇಳಿ. "ಇದೆ" ಅಂದರೆ ಸಾಲದು, ಒಂದು ಪಾಠ ಹಾಕಿಸಿ ನಿಮ್ಮ ಹೆಲ್ಪರ್ ಒಬ್ಬರನ್ನು ಕೂರಿಸಿ ನೋಡಿ. ಯಂತ್ರ ಓದಿದ ಕನ್ನಡ ಬೇರೆ, ಮನುಷ್ಯ ಮಾತಾಡಿದ ಕನ್ನಡ ಬೇರೆ. ಡೌನ್‌ಲೋಡ್ ಮಾಡಿ ನೆಟ್ ಇಲ್ಲದೆ ನೋಡಬಹುದಾ ಅನ್ನೋದನ್ನೂ ಕೇಳಿ, ಶೀಟ್ ಹೊದಿಸಿದ ಶೆಡ್ಡಿನೊಳಗೆ ಸಿಗ್ನಲ್ ಹೇಗಿರುತ್ತದೆ ಅಂತ ನಿಮಗೇ ಗೊತ್ತು. ಕೆಲಸಗಾರರ ಮೊಬೈಲ್ ಬಳಸಬೇಡಿ, ಎರಡು ಟ್ಯಾಬ್ ತಂದು ಆಫೀಸಿನ ವೈಫೈಗೆ ಹಾಕಿ. ಕೆಲಸಗಾರನ ಡೇಟಾ ಅವನ ಮನೆಯ ಖರ್ಚು.

ಉಳಿದ ದುಡ್ಡನ್ನು ನಾನು ಆ ಲ್ಯಾಪಿಂಗ್ ಮಾಡುವ ಹಿರಿಯರ ಮೇಲೆ ಹಾಕುತ್ತಿದ್ದೆ. ವಾರಕ್ಕೆ ಎರಡು ಗಂಟೆ ಅವರ ಟಾರ್ಗೆಟ್ ಕಡಿಮೆ ಮಾಡಿ, ಆ ಹೊತ್ತಿನಲ್ಲಿ ಇಬ್ಬರಿಗೆ ಕಲಿಸಲಿ, ಅದಕ್ಕೆ ತಿಂಗಳಿಗೆ ಇಷ್ಟು ಅಂತ ಬೇರೆ ಭತ್ಯೆ ಕೊಡಿ. ಎಷ್ಟೋ ಕಡೆ ಹಿರಿಯರು ಕಲಿಸೋದಿಲ್ಲ ಅಂತ ದೂರು ಇರುತ್ತದೆ. ಕಲಿಸೋಕೆ ನಿಂತರೆ ಅವರದೇ ಪೀಸ್ ಲೆಕ್ಕ ಕಡಿಮೆಯಾಗುತ್ತದೆ, ಮತ್ತೆ ಯಾಕೆ ಕಲಿಸುತ್ತಾರೆ? ಅವರ ಕೈಕೆಲಸವನ್ನು ಮೂರು ನಾಲ್ಕು ನಿಮಿಷದ ತುಣುಕು ಮಾಡಿ ನೀವೇ ಮೊಬೈಲ್‌ನಲ್ಲಿ ಹಿಡಿಯಿರಿ, ಹಿಂದೆ ಅವರದೇ ಮಾತು, ಅವರದೇ ಹುಬ್ಬಳ್ಳಿ ಕನ್ನಡ ಇರಲಿ. ಹತ್ತು ತುಣುಕಾದರೆ ಅದು ನಿಮ್ಮ ಫ್ಯಾಕ್ಟರಿಯ ಆಸ್ತಿ, ಯಾರಿಗೂ ವರ್ಷ ವರ್ಷ ಫೀ ಕಟ್ಟಬೇಕಿಲ್ಲ. ಇದಕ್ಕೆ ದೊಡ್ಡ ಸಾಫ್ಟ್‌ವೇರ್ ಬೇಡ. ಮೂಡಲ್ ಅನ್ನೋ, ಆನ್‌ಲೈನ್ ಪಾಠ ನಡೆಸುವ ಉಚಿತ ಸಾಫ್ಟ್‌ವೇರ್ 2002ರಿಂದ ಇದೆ, ಆದರೆ ಅದನ್ನು ನೋಡಿಕೊಳ್ಳೋಕೆ ಒಬ್ಬ ಬೇಕು. 40 ಜನಕ್ಕೆ ವಾಟ್ಸ್ಆಪ್ ಗುಂಪೇ ಸಾಕು. ಮಷಿನ್ ಮೇಲೆ ನಿಲ್ಲಿಸಿ ಕಲಿಸುವ ಕೋರ್ಸ್ ಬೇಕಾದರೆ ಜಿಟಿಟಿಸಿ (ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ) ಹುಬ್ಬಳ್ಳಿಯಲ್ಲೇ ಇದೆ, ಬೆಂಗಳೂರಿನ ಲಾಡ್ಜ್ ಬಿಲ್ ಕಟ್ಟುವ ಮೊದಲು ಅಲ್ಲೊಂದು ಸಲ ಹೋಗಿ ವಿಚಾರಿಸಿ.

ಒಂದು ಕೆಲಸ ಮಾತ್ರ ಇದೇ ವಾರ ಮಾಡಿ. ಕಳೆದ ಮೂರು ತಿಂಗಳ ರಿಜೆಕ್ಷನ್ ಎಷ್ಟು ಅಂತ ಒಂದು ಪುಸ್ತಕದಲ್ಲಿ ಬರೆಯಿರಿ. ಪಾಠ ಶುರು ಮಾಡುವ ಮೊದಲಿನ ಅಂಕಿ ಇಲ್ಲದಿದ್ದರೆ, ವರ್ಷದ ಕೊನೆಗೆ ನೀವು, ಅಪ್ಪ, ಮಗಳು ಮೂವರೂ ಇದೇ ವಾದವನ್ನು ಮತ್ತೆ ಮಾಡುತ್ತಾ ಕೂರಬೇಕಾಗುತ್ತದೆ.

ಪ್ರಶ್ನೆ: ಗದಗ ತಾಲೂಕಿನ ಒಂದು ಕೃಷಿ ಪತ್ತಿನ ಸಹಕಾರಿ ಸಂಘದಲ್ಲಿ ನಾನು 11 ವರ್ಷದಿಂದ ಕ್ಲರ್ಕ್. ಸಂಘಕ್ಕೆ ಕಂಪ್ಯೂಟರ್ ಬಂತು. ಹೊಸ ಸಾಫ್ಟ್‌ವೇರ್ ತರಬೇತಿ ಆನ್‌ಲೈನ್‌ನಲ್ಲಿ ಆಯಿತು, ಕೌಂಟರ್‌ನಲ್ಲಿ ಜನ ನಿಂತಿರುವಾಗಲೇ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಕೇಳಿದೆ. ಉಳಿದದ್ದನ್ನು ರಾತ್ರಿ ಮನೆಯಲ್ಲಿ ನೋಡಿ ಅಂದರು. ಮನೆಯಲ್ಲಿ ಅತ್ತೆಗೆ ಆರಾಮ ಇಲ್ಲ, ಇಬ್ಬರು ಮಕ್ಕಳು. ಈಗ ಎಂಟ್ರಿ ತಪ್ಪಾದರೆ "ಟ್ರೇನಿಂಗ್ ಕೊಟ್ಟೇವಲ್ಲ" ಅನ್ನುತ್ತಾರೆ. ನಾನೇ ದಡ್ಡಿ ಅನ್ನಿಸಿಬಿಟ್ಟಿದೆ.
– ಓರ್ವ ಓದುಗಿ

ಉತ್ತರ: ತಂಗೀ, ನೀವು ದಡ್ಡಿ ಅಲ್ಲ. ಹನ್ನೊಂದು ವರ್ಷ ಕೈಬರಹದ ಲೆಡ್ಜರ್ ನೋಡಿಕೊಂಡವರು ನೀವು. ಒಂದು ಕಿವಿಯಲ್ಲಿ ಪಾಠ, ಇನ್ನೊಂದು ಕಿವಿಯಲ್ಲಿ ರೈತರ ಮಾತು, ಹೀಗೆ ಯಾರಿಗೂ ಕಲಿಯೋಕೆ ಆಗೋದಿಲ್ಲ. ನಿಮ್ಮ ಸಂಘದವರು ಆನ್‌ಲೈನ್ ತರಬೇತಿಯ ಖರ್ಚನ್ನು ಉಳಿಸಲಿಲ್ಲ, ನಿಮ್ಮ ತಲೆ ಮೇಲೆ ಹಾಕಿದರು ಅಷ್ಟೇ. ಕೆಲಸಕ್ಕೆ ಬೇಕು ಅಂತ ಹೇಳಿ ಮಾಡಿಸುವ ತರಬೇತಿ ಕೆಲಸವೇ. ಅದಕ್ಕೆ ಕೆಲಸದ ಹೊತ್ತು ಕೇಳೋದರಲ್ಲಿ ಸಂಕೋಚ ಬೇಡ.

ಕೃಷಿ ಪತ್ತಿನ ಸಂಘಗಳನ್ನು ಕಂಪ್ಯೂಟರ್‌ಗೆ ತರುವ ಯೋಜನೆಗೆ ಕೇಂದ್ರ ಸರ್ಕಾರ 2022ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಾಗ 63,000 ಸಂಘಗಳು, 2,516 ಕೋಟಿ ರೂಪಾಯಿ ಅಂತ ಲೆಕ್ಕ ಇತ್ತು. ಅಷ್ಟು ದುಡ್ಡು ಕೊನೆಗೆ ಬಂದು ನಿಲ್ಲೋದು ನಿಮ್ಮಂಥ ಒಬ್ಬ ಕ್ಲರ್ಕ್ ಕೈಬೆರಳ ಮೇಲೆ. ಶೂನ್ಯ ಬಡ್ಡಿಯ ಬೆಳೆ ಸಾಲವನ್ನೇ ನೋಡಿ. ಗಡುವಿನೊಳಗೆ ಕಟ್ಟಿದ ರೈತನಿಗೆ ಮಾತ್ರ ಬಡ್ಡಿ ಮಾಫಿ. ಗಡುವಿನ ತಾರೀಖು ಒಂದು ಎಂಟ್ರಿಯಲ್ಲಿ ತಪ್ಪಿದರೆ, ದುಡ್ಡು ಸರಿಯಾಗಿ ತಂದು ಕಟ್ಟಿದವನ ಲೆಕ್ಕದಲ್ಲೂ ಬಡ್ಡಿ ಕಾಣಿಸಿಕೊಳ್ಳುತ್ತದೆ. ಆ ರೈತ ಸಂಘದ ಬಾಗಿಲಿಗೆ ನಾಲ್ಕು ಸಲ ಅಲೆಯುತ್ತಾನೆ. ತರಬೇತಿಗೆ ವಾರಕ್ಕೆ ಒಂದು ಗಂಟೆ ಕೊಡದೆ ಉಳಿಸಿದ್ದು ಇಲ್ಲಿ ಹೋಗುತ್ತದೆ. ಕಾರ್ಯದರ್ಶಿಯವರ ಮುಂದೆ ಇದೇ ಉದಾಹರಣೆ ಇಡಿ, ನಿಮ್ಮ ಕಷ್ಟ ಹೇಳಿಕೊಂಡಂತೆ ಆಗೋದಿಲ್ಲ, ಸಂಘದ ನಷ್ಟ ತೋರಿಸಿದಂತೆ ಆಗುತ್ತದೆ.

ಬರವಣಿಗೆಯಲ್ಲಿ ಕೇಳಿ. ಎರಡೇ ಸಾಲು ಸಾಕು. ವಾರಕ್ಕೊಂದು ದಿನ ಕೌಂಟರ್ ಮುಚ್ಚಿದ ಮೇಲೆ, ಆಫೀಸ್ ಹೊತ್ತಿನೊಳಗೇ ಒಂದು ಗಂಟೆ ಅಭ್ಯಾಸಕ್ಕೆ ಬೇಕು, ಮತ್ತು ಅಭ್ಯಾಸಕ್ಕೆ ನಿಜವಾದ ಖಾತೆ ಅಲ್ಲದ ಬೇರೆ ಡೇಟಾ ಬೇಕು. ವಿಡಿಯೋ ನೋಡೋದಕ್ಕಿಂತ ತಪ್ಪು ಮಾಡಿ ತಿದ್ದೋದರಲ್ಲಿ ಜಾಸ್ತಿ ಕಲಿಯುತ್ತೀರಿ, ಆದರೆ ರೈತರ ಖಾತೆಯ ಮೇಲೆ ತಪ್ಪು ಮಾಡಬಾರದಲ್ವಾ? ಪಕ್ಕದ ಊರಿನ ಸಂಘದ ಕ್ಲರ್ಕ್ ಜೊತೆ ಫೋನಿನಲ್ಲಿ ಮಾತಾಡಿಕೊಂಡಿರಿ, ನಿಮಗೆ ಸಿಕ್ಕಿಬಿದ್ದ ಜಾಗದಲ್ಲೇ ಅವರೂ ಸಿಕ್ಕಿಬಿದ್ದಿರುತ್ತಾರೆ. 1905ರಲ್ಲಿ ನಿಮ್ಮದೇ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದಾಗ ಊರವರು ಒಬ್ಬರಿಗೊಬ್ಬರು ನಿಂತೇ ಅದು ನಡೆದಿದ್ದು. ಕ್ಲರ್ಕುಗಳು ಒಬ್ಬರಿಗೊಬ್ಬರು ನಿಲ್ಲೋಕೆ ಯಾರ ಅಪ್ಪಣೆಯೂ ಬೇಡ.

ಪ್ರಶ್ನೆ: ಐಟಿಐ ಮುಗಿಸಿ ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಕೆಲಸಕ್ಕಿದ್ದೇನೆ. ಕಂಪನಿ ಏನೂ ಕಲಿಸುವುದಿಲ್ಲ. ನಾನೇ ಉಚಿತ ಕೋರ್ಸ್ ಮಾಡಿದರೆ ಉಪಯೋಗ ಇದೆಯೇ?
– ಧಾರವಾಡದ ಓದುಗ

ಉತ್ತರ: ಇದೆ. ಐಐಟಿಗಳು ಮತ್ತು ಬೆಂಗಳೂರಿನ ಐಐಎಸ್‌ಸಿ ಸೇರಿ 2003ರಲ್ಲಿ ಶುರು ಮಾಡಿದ ಎನ್‌ಪಿಟೆಲ್, 2017ರಲ್ಲಿ ಬಂದ ಕೇಂದ್ರ ಸರ್ಕಾರದ ಸ್ವಯಂ, ಈ ಎರಡು ಆನ್‌ಲೈನ್ ತಾಣಗಳಲ್ಲೂ ಪಾಠ ಕೇಳೋಕೆ ದುಡ್ಡಿಲ್ಲ. ಪ್ರಮಾಣಪತ್ರ ಬೇಕಾದರೆ ಮಾತ್ರ ಪರೀಕ್ಷೆಗೆ ಫೀ ಕಟ್ಟಬೇಕು. ಜಾಸ್ತಿ ಪಾಠ ಇಂಗ್ಲಿಷಿನಲ್ಲಿ, ಎಂಜಿನಿಯರಿಂಗ್ ಮಟ್ಟದಲ್ಲಿ ಇರುತ್ತವೆ, ಅದಕ್ಕೆ ಹೆದರಬೇಡಪ್ಪಾ. ಒಂದೇ ಕೋರ್ಸ್ ಹಿಡಿ, ನೀನು ದಿನಾ ಮುಟ್ಟುವ ಮಷಿನ್‌ಗೆ ಸಂಬಂಧಪಟ್ಟದ್ದು. ಐದು ಕೋರ್ಸಿಗೆ ಹೆಸರು ಕೊಟ್ಟು ಎರಡನೇ ವಾರಕ್ಕೆ ಬಿಟ್ಟವರನ್ನು ಬೇಕಾದಷ್ಟು ನೋಡಿದ್ದೇನೆ. ಇಂಟರ್‌ವ್ಯೂನಲ್ಲಿ ಕಾಗದ ನೋಡಿದ ಮೇಲೆ "ಅದನ್ನು ಮಷಿನ್ ಮೇಲೆ ಮಾಡಿ ತೋರಿಸು" ಅಂದೇ ಅನ್ನುತ್ತಾರೆ, ಅದಕ್ಕೆ ತಯಾರಾಗು.

ಪ್ರಶ್ನೆ: ಬ್ಯಾಡಗಿಯಲ್ಲಿ ನಮ್ಮದು ಮೆಣಸಿನಕಾಯಿ ಕೋಲ್ಡ್ ಸ್ಟೋರೇಜ್. ಅಮೋನಿಯಾ ಪ್ಲಾಂಟ್ ಇದೆ. ಸೀಸನ್‌ನಲ್ಲಿ ಹಮಾಲರು ಸೇರಿ 30 ಜನ ಇರುತ್ತಾರೆ. ಸುರಕ್ಷತಾ ತರಬೇತಿಯನ್ನು ಎರಡು ಗಂಟೆಯ ಆನ್‌ಲೈನ್ ಕೋರ್ಸ್ ಮಾಡಿಸಿ ಎಲ್ಲರ ಸರ್ಟಿಫಿಕೇಟ್ ಇಟ್ಟುಕೊಂಡರೆ ಸಾಕಲ್ಲವೇ? ಖರ್ಚೂ ಕಡಿಮೆ.
– ಹಾವೇರಿ ಜಿಲ್ಲೆಯ ಓದುಗ

ಉತ್ತರ: ಸಾಕಾಗೋದಿಲ್ಲ ಯಜಮಾನರೇ. ಇದನ್ನು ನಾನು ಕೈ ಮುಗಿದು ಹೇಳುತ್ತೇನೆ.

ಕೋರ್ಸ್ ಬೇಡ ಅನ್ನುತ್ತಿಲ್ಲ, ಮಾಡಿಸಿ. ಅಮೋನಿಯಾ ಸ್ವಲ್ಪ ಸೋರಿದರೂ ಮೂಗಿಗೆ ಘಾಟು ಹೊಡೆಯುತ್ತದೆ, ಸಾಮಾನ್ಯವಾಗಿ ಗಾಳಿಗಿಂತ ಹಗುರ, ಆದರೆ ಪೈಪಿನಿಂದ ತಣ್ಣಗೆ ಚಿಮ್ಮಿದ್ದು ಗಾಳಿಯ ತೇವ ಸೇರಿ ಮಂಜಿನ ಹಾಗೆ ನೆಲದ ಮೇಲೇ ಹರಿಯಬಹುದು. ನೀರಿನಲ್ಲಿ ಚೆನ್ನಾಗಿ ಕರಗುತ್ತದೆ, ಅದಕ್ಕೇ ಗಾಳಿಯಲ್ಲಿ ಹರಡಿದ ಅನಿಲಕ್ಕೆ ನೀರಿನ ತುಂತುರು ಹೊಡೆಯುತ್ತಾರೆ, ಆದರೆ ನೆಲದ ಮೇಲೆ ನಿಂತ ದ್ರವಕ್ಕೆ ನೀರು ಸುರಿಯಬಾರದು, ಇನ್ನೂ ಜೋರಾಗಿ ಆವಿಯಾಗುತ್ತದೆ. ಇದೆಲ್ಲ ವಿಡಿಯೋದಲ್ಲಿ ಚೆನ್ನಾಗಿ ತಲೆಗೆ ಹೋಗುತ್ತದೆ. ಮಷಿನ್ ರೂಮಿನ ಆಪರೇಟರ್‌ಗೆ ಇದಕ್ಕಿಂತ ಬಹಳ ಜಾಸ್ತಿ ಕಲಿಸಬೇಕು, ಅದನ್ನು ನಿಮ್ಮ ಪ್ಲಾಂಟ್ ಹಾಕಿದವರೇ ವಾಲ್ವ್ ಮುಂದೆ ನಿಲ್ಲಿಸಿ ಕಲಿಸಲಿ.

ಆದರೆ ಸೋರಿದ ದಿನ ಆಗೋದೇನು? ಕಣ್ಣು ಉರಿಯುತ್ತದೆ, ಬಿಡೋಕೆ ಆಗೋದಿಲ್ಲ. ಕರೆಂಟ್ ಹೋಗಿರಬಹುದು. ಕೋಣೆಯೊಳಗೆ ಚೀಲಗಳ ಅಟ್ಟಿ ಎರಡು ಆಳೆತ್ತರ, ನಡುವೆ ಒಬ್ಬರು ಅಡ್ಡ ನಡೆಯುವಷ್ಟು ಸಂದಿ. ಆ ಹೊತ್ತಿನಲ್ಲಿ ಯಾರೂ ಸರ್ಟಿಫಿಕೇಟ್ ನೆನೆಯೋದಿಲ್ಲ, ಕಾಲಿಗೆ ದಾರಿ ನೆನಪಿದ್ದರೆ ಹೊರಗೆ ಬರುತ್ತಾರೆ. ಕಾಲಿಗೆ ದಾರಿ ನೆನಪಿರಬೇಕಾದರೆ ನಡೆಸಬೇಕು. ಸೀಸನ್ ಶುರುವಾಗುವ ಮೊದಲು ಒಂದು ಸಲ, ನಡುವೆ ಒಂದು ಸಲ, ದೀಪ ಆರಿಸಿ ಎಲ್ಲರನ್ನೂ ಒಳಗಿನ ಕೋಣೆಯಿಂದ ಗೇಟಿನವರೆಗೆ ನಡೆಸಿ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಅಂತ ನೋಡೋಕೆ ಮಾಳಿಗೆ ಮೇಲೆ ಒಂದು ಬಟ್ಟೆ ಕಟ್ಟಿ, ಅದನ್ನು ನೋಡಿ ಗಾಳಿಗೆ ಎದುರಾಗಿ ಅಥವಾ ಅಡ್ಡಕ್ಕೆ ಹೋಗೋದನ್ನು ಕಲಿಸಿ. ಒದ್ದೆ ಬಟ್ಟೆ ಮೂಗಿಗೆ ಹಿಡಿಸಿ. ಇದಕ್ಕೆ ಒಟ್ಟು ಒಂದು ಗಂಟೆ ಹೋಗುತ್ತದೆ. ಹಮಾಲರು ಚೀಲದ ಲೆಕ್ಕದಲ್ಲಿ ದುಡಿಯುವವರು, ಆ ಒಂದು ಗಂಟೆಯ ಕೂಲಿಯನ್ನು ಅವರಿಗೆ ಕೊಡಿ, ಇಲ್ಲದಿದ್ದರೆ ಯಾರೂ ಮನಸ್ಸಿಟ್ಟು ನಡೆಯೋದಿಲ್ಲ. 30 ಜನಕ್ಕೆ ಒಂದು ಗಂಟೆ ಕೂಲಿ ಎಷ್ಟಾಗುತ್ತದೆ ಅಂತ ನೀವೇ ಗುಣಿಸಿ ನೋಡಿ.

ಮೊದಲ ಸಲ ನಡೆಸುವಾಗ ಕೈಯಲ್ಲಿ ಗಡಿಯಾರ ಇಟ್ಟುಕೊಂಡು ಗೇಟಿನ ಹತ್ತಿರ ನೀವೇ ನಿಲ್ಲಿ. ನಾನು ನೋಡಿದ ಒಂದು ಕಡೆ ಎಲ್ಲರೂ ಬೇಗನೇ ಬಂದು ಹಿಂದಿನ ಗೇಟಿನ ಮುಂದೆ ನಿಂತರು, ಆದರೆ ಗೇಟಿಗೆ ಬೀಗ ಇತ್ತು, ಕೀಲಿ ವಾಚ್‌ಮನ್ ಕಿಸೆಯಲ್ಲಿ, ವಾಚ್‌ಮನ್ ಚಹಾ ಕುಡಿಯೋಕೆ ಹೋಗಿದ್ದ. ನಿಮ್ಮ ಹಿಂದಿನ ಗೇಟಿನ ಕೀಲಿ ಎಲ್ಲಿದೆ ಅಂತ ಇವತ್ತು ಸಂಜೆಯೇ ಹೋಗಿ ನೋಡಿ.